ಮರಳಿನಲ್ಲಿ ನೆಟ್ಟಗೆ ನಿಂತ ಗೋಡೆ

ಮೂರು ವರ್ಷದ ಹಿಂದೆ ನಾನು ತಿಪಟೂರಿನ ಒಬ್ಬ ಮಣ್ಣುಕೆಲಸದ ಗುತ್ತಿಗೆದಾರರ ಬಳಿ ಸರ್ವೇಯರ್ ಆಗಿದ್ದೆ. ತೋಟಗಳ ಅಳತೆ, ರಸ್ತೆಯ ಮಟ್ಟ, ಬೋರನಕಣಿವೆ ಕಡೆಯ ಕಾಲುವೆ, ಇಷ್ಟೇ ನನ್ನ ಕೆಲಸ. ಆ ಚಳಿಗಾಲದಲ್ಲಿ ರಾಜಸ್ಥಾನದ ಮರಳುಗಾಡಿಗೆ ಹೋಗಬೇಕಾಯಿತು. ಒಬ್ಬ ಕಲಾವಿದೆ ಅಲ್ಲಿ ನೆಲವನ್ನೇ ಕೊರೆದು ಕಲಾಕೃತಿ ಮಾಡಿಸುತ್ತಿದ್ದರು; ತೋಡುವ ಕೆಲಸ ನಮ್ಮ ಗುತ್ತಿಗೆದಾರರಿಗೆ ಸಿಕ್ಕಿತ್ತು. ಒಂದು ಕಿಲೋಮೀಟರ್ ಉದ್ದದ ನೇರ ಕಂದಕ, ಎರಡು ಆಳಿನಷ್ಟು ಆಳ. ಒಳಗೆ ನಡೆಯುವವರಿಗೆ ಆಕಾಶ ಒಂದು ಪಟ್ಟಿಯಷ್ಟೇ ಕಾಣಬೇಕು ಎಂಬುದು ಅವರ ಆಸೆ.

ಜೊತೆಗೆ ಜೆಸಿಬಿ ಓಡಿಸುವ ತಿಪಟೂರಿನ ರಹಮತ್ ಮತ್ತು ಬಿಳಿಗೆರೆಯ ಸಿದ್ಧಲಿಂಗ ಇದ್ದರು. ಸಿದ್ಧಲಿಂಗ ತುದಿಯಲ್ಲಿ ಗಾಜಿನ ಪ್ರಿಸಂ ಇರುವ ಅಳತೆಯ ಕಂಬ ಹಿಡಿಯುತ್ತಿದ್ದ. ಕಂದಕದ ಮೇಲೆ ನಿಲ್ಲಿಸಿದ ನನ್ನ ಅಳತೆಯ ಉಪಕರಣ, ಟೋಟಲ್ ಸ್ಟೇಷನ್, ಆ ಕಂಬಕ್ಕೆ ಬೆಳಕು ಬಿಟ್ಟು, ಅದು ನಿಂತ ಜಾಗವನ್ನು ಬೆರಳಗಲದ ಲೆಕ್ಕದಲ್ಲಿ ಹೇಳುತ್ತದೆ.

ನಕ್ಷೆಯಲ್ಲಿ ಕಂದಕದ ಬದಿಗಳು ಇಳಿಜಾರಾಗಿದ್ದವು. ಸಿದ್ಧಲಿಂಗ ಬಿಡುವಾದಾಗಲೆಲ್ಲ ಸನಿಕೆ ಹಿಡಿದು ಅವನ್ನು ನೆಟ್ಟಗೆ ಕೆತ್ತುತ್ತಿದ್ದ.

"ಲೇ, ಇಲ್ಲೇನು ತೆಂಗಿನ ಸಸಿ ಇಕ್ತೀಯೇನ್ಲಾ?" ಎಂದು ರಹಮತ್ ರೇಗಿಸಿದ.

"ಕಾಯಿ ಮಟ್ಟೆ ಹೂಳೋ ಗುಂಡಿನೂ ನಮ್ಮಪ್ಪ ನೆಟ್ಟಗೇ ತೋಡ್ಸೋನು ಕಣ್ಲಾ. ಸೊಟ್ಟಗೆ ಬುಟ್ರೆ ನೋಡ್ದೋರು ಏನಂದಾರು?"

ನಮ್ಮ ಕಡೆಯ ಕೆಂಪು ಗರಸು ಮಣ್ಣಿನಲ್ಲಿ ಹಾಗೆ ತೋಡಿದ ಗುಂಡಿ ವರ್ಷಗಟ್ಟಲೆ ನಿಲ್ಲುತ್ತದೆ. ಅಲ್ಲಿ ಟ್ಯಾಂಕರ್ ನೀರು ಚಿಮುಕಿಸಿದ ಮರಳೂ ನಿಂತಿತು. ಕಲಾವಿದೆ ಗೋಡೆ ನೋಡಿ ಸಂತೋಷಪಟ್ಟರು. ಯಾರೂ ಬೇಡ ಎನ್ನಲಿಲ್ಲ.

ಒಂದು ಮಧ್ಯಾಹ್ನ ಗೋಡೆಯ ನೀರೆಲ್ಲ ಆರಿತ್ತು. ಸಿದ್ಧಲಿಂಗ ಕೆಳಗೆ ಕಂಬ ಹಿಡಿದು ನಿಂತಿದ್ದ. ಬಟನ್ ಒತ್ತಿ ರೀಡಿಂಗ್ ತೆಗೆದುಕೊಂಡೆ. ಮುಂದೆ ನಡೆ ಎಂದು ಕೈ ಬೀಸಲು ಲೆನ್ಸಿನಿಂದ ಕಣ್ಣು ತೆಗೆದಾಗ ಅಲ್ಲಿ ಬರೀ ಮರಳಿತ್ತು. ಸದ್ದೇ ಆಗಿರಲಿಲ್ಲ.

ರಹಮತ್ ಜೆಸಿಬಿ ತಿರುಗಿಸಿದ. "ಬಕೆಟ್ ಬೇಡ, ಅವನಿಗೇ ತಗಲುತ್ತೆ!" ಎಂದು ಕೂಗಿದೆ. ಅವನು ನಿಂತಿದ್ದ ಜಾಗದ ಕೊನೆಯ ರೀಡಿಂಗ್ ಉಪಕರಣದಲ್ಲಿತ್ತು. ಇನ್ನೊಂದು ಪ್ರಿಸಂ ಕೊಟ್ಟು ರಹಮತ್‌ನನ್ನು ಕುಸಿದ ಮರಳಿನ ಮೇಲೆ ನಡೆಸಿದೆ. "ಎಡಕ್ಕೆ. ಇನ್ನೂ ಒಂದು ಗೇಣು. ನಿಲ್ಲು." ನನ್ನ ದನಿ ದಿನದ ಕೆಲಸದ ದನಿಯಂತೆಯೇ ಇತ್ತು. ಅಲ್ಲಿಯೇ ಎಲ್ಲರೂ ಕೈಯಲ್ಲಿ, ಬಾಂಡಲಿಯಲ್ಲಿ ತೋಡಿದೆವು. ತೆಗೆದಷ್ಟೂ ಮರಳು ಪಕ್ಕದಿಂದ ಬಂದು ತುಂಬಿಕೊಳ್ಳುತ್ತಿತ್ತು.

ರೀಡಿಂಗ್ ತಪ್ಪಿರಲಿಲ್ಲ. ಅವನು ಅಲ್ಲೇ ಇದ್ದ, ನಿಂತಂತೆಯೇ. ಉಸಿರಿರಲಿಲ್ಲ. ಕೈ ಕಂಬವನ್ನು ಬಿಟ್ಟಿರಲಿಲ್ಲ. ರಹಮತ್ ಒಂದೊಂದೇ ಬೆರಳು ಬಿಡಿಸುತ್ತ, "ಬುಡ್ಲಾ ಕಂಬಾನ. ಕೆಲ್ಸ ಮುಗೀತು ಕಣ್ಲಾ, ಬುಡು" ಎನ್ನುತ್ತಲೇ ಇದ್ದ. ನನಗೆ ಅಳು ಬರಲಿಲ್ಲ. ಉಪಕರಣ ಮಡಚಿ ಪೆಟ್ಟಿಗೆಗೆ ಹಾಕಿದೆ.

ಕೆಲಸ ಅಲ್ಲಿಗೆ ನಿಂತಿತು. ನಾನು ಈಗಲೂ ಸರ್ವೇ ಮಾಡುತ್ತೇನೆ. ಹೊಸ ನೆಲಕ್ಕೆ ಹೋದಾಗ ಮೊದಲು ಒಂದು ಗುಂಡಿ ತೋಡಿಸಿ, ಅದು ಪೂರ್ತಿ ಒಣಗುವ ತನಕ ಯಾರನ್ನೂ ಇಳಿಸದೆ ಕಾಯುತ್ತೇನೆ. ಕೈ ಕಲಿತದ್ದು ಊರಿನ ಮಣ್ಣನ್ನು; ಬೇರೆ ಮಣ್ಣು ಅದಕ್ಕೆ ಗೊತ್ತಿರುವುದಿಲ್ಲ. ಸುಮ್ಮನೆ ಹೊತ್ತು ಕಳೆಯುತ್ತಾನೆ ಎಂದು ಕೆಲವರು ಬೈಯುತ್ತಾರೆ. ಎಷ್ಟೋ ಸಲ ಗುಂಡಿ ಕುಸಿಯುವುದೂ ಇಲ್ಲ. ಆದರೂ ನಾನೇ ಮೊದಲು ಇಳಿಯುತ್ತೇನೆ.