ವೇದವತಿಯ ಅಳತೆ, ಕಾಳಮ್ಮನ ಪಿಕಪ್

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನನ್ನ ಹೆಂಡತಿ ವೇದವತಿಯ ಮುಂದೆ ಯಾರಾದರೂ ಈ ಗಾದೆ ಹೇಳಿದರೆ ಅವಳು ನಗುವುದಿಲ್ಲ. "ಮೊದ್ಲು ನೆಲ ಅಳೆದು ನೋಡಿದ್ರಾ?" ಎಂದು ಕೇಳುತ್ತಾಳೆ. ತಮಾಷೆಗಲ್ಲ, ನಿಜವಾಗಿ ಕೇಳುತ್ತಾಳೆ.

ನಾನು ಶಂಕರ. ತಿಪಟೂರಿನ ಕಡೆಯವನು. ನೌಕಾಪಡೆಯ ಕೆಲಸಕ್ಕೆಂದು ವಿಶಾಖಪಟ್ಟಣಕ್ಕೆ ಬಂದವನು ನಿವೃತ್ತಿಯಾದ ಮೇಲೂ ಇಲ್ಲೇ ಉಳಿದೆ. ವೇದವತಿ ಇಲ್ಲಿನ ಸರ್ಕಾರಿ ಕಾರ್ಖಾನೆಯೊಂದರಲ್ಲಿ ಮೂವತ್ತೊಂದು ವರ್ಷ ಅಳತೆ ನೋಡುವ ಕೆಲಸ ಮಾಡಿದಳು. ಲೇತ್‌ನಿಂದ ಇಳಿದ ಪ್ರತಿ ಲೋಹದ ತುಂಡೂ ಅವಳ ಮೇಜಿಗೆ ಬರಬೇಕು, ಅವಳು ಒರೆಸಿ, ಅಳೆದು, ಸರಿ ಅಂದರೆ ಮಾತ್ರ ಮುಂದಕ್ಕೆ ಹೋಗಬೇಕು. ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ವಾಪಸ್. ಅವಳೂ ನಿವೃತ್ತಳಾದಳು, ಆದರೆ ಅಭ್ಯಾಸ ನಿವೃತ್ತಿಯಾಗಲಿಲ್ಲ. ಮದುವೆಯಾದ ಹೊಸತರಲ್ಲಿ ನಾನು ಪ್ರೀತಿಯಿಂದ ತಂದ ದೋಸೆ ಕಾವಲಿಯ ಮೇಲೆ ಅಳತೆಪಟ್ಟಿ ಇಟ್ಟು ನೋಡಿ, ನಡುವೆ ತಗ್ಗಿದೆ ಎಂದು ಅಂಗಡಿಗೆ ಹಿಂದಿರುಗಿಸಿದವಳು ಅವಳು.

ವಿಶಾಖಪಟ್ಟಣದ ಅಂಚಿನ ದುವ್ವಾಡದಲ್ಲಿರುವ ನಮ್ಮ ಬೀದಿಯಲ್ಲಿ ಯಾರು ಕಪಾಟು ಮಾಡಿಸಿದರೂ, ಯಾರು ಫ್ರಿಡ್ಜ್ ಕೊಂಡರೂ ಮೊದಲು ವೇದವತಿಗೆ ಹೇಳಿ ಕಳುಹಿಸುತ್ತಾರೆ. ಅವಳದೊಂದು ನೇಮವಿದೆ. ಅಳೆಯುವ ವಸ್ತು ಖಾಲಿಯಾಗಿರಬೇಕು, ಒರೆಸಿ ಚೊಕ್ಕಟ ಮಾಡಿರಬೇಕು. ಧೂಳಿನ ಮೇಲೆ ಅಳೆದರೆ ಧೂಳಿನ ಅಳತೆ ಬರುತ್ತದೆ ಎನ್ನುತ್ತಾಳೆ. ಅದಕ್ಕೆ ಎದುರು ಹೇಳುವ ಗಂಡೆದೆ ನಮ್ಮ ಬೀದಿಯಲ್ಲಿ ಯಾರಿಗೂ ಇಲ್ಲ, ನನಗಂತೂ ಇಲ್ಲವೇ ಇಲ್ಲ.

ಹೋದ ವರ್ಷದ ಒಂದು ಮಂಗಳವಾರ ಕಾಳಮ್ಮ ಅಳುಮುಖ ಮಾಡಿಕೊಂಡು ನಮ್ಮ ಮನೆಗೆ ಬಂದಳು. ಕಾಳಮ್ಮ ಬಳ್ಳಾರಿ ಕಡೆಯವಳು, ಎರಡು ಬೀದಿಯಾಚೆ ಇರುತ್ತಾಳೆ. ಗಂಡ ಹನುಮಂತ ಹಿಟ್ಟು ರುಬ್ಬಿ ಇಡ್ಲಿ ಬೇಯಿಸುತ್ತಾನೆ, ಇವಳು ಇಪ್ಪತ್ತು ವರ್ಷ ಹಳೆಯ ಪಿಕಪ್ ಗಾಡಿಯಲ್ಲಿ ಅದನ್ನು ಹೇರಿಕೊಂಡು ಹೋಗಿ ಪರವಾಡದ ಔಷಧಿ ಕಾರ್ಖಾನೆಗಳ ಮುಂದೆ ಮಾರುತ್ತಾಳೆ. ಗಾಡಿ ಓಡಿಸುವುದೂ ಅವಳೇ.

"ಅಮ್ಮಾರೆ, ಒಂದು ಫ್ಯಾಕ್ಟರಿನಾಗ ಇನ್ನೂರು ಮಂದಿಗೆ ದಿನಾ ಟಿಫಿನ್ ಕೊಡಂತ ಕರ್ದಾರ. ಗೇಟಿನ ಒಳಗ ಒಂದು ಉಬ್ಬು ಐತ್ರಿ, ಅದನ್ನ ದಾಟೂವಾಗ ಗಾಡಿ ಹೊಟ್ಟಿ ಧಡ್ ಅಂತ ಬಡೀತು. ಸಾಂಬಾರೆಲ್ಲ ಚೆಲ್ಲಿಹೋತು," ಎಂದಳು.

ಅಲ್ಲಿನ ಕ್ಯಾಂಟೀನ್ ನೋಡಿಕೊಳ್ಳುವ ಅನಿಲ್‌ಕುಮಾರ್ ಎಂಬಾತ ಒಳ್ಳೆಯವನಂತೆ. ಬರುವ ಸೋಮವಾರ ಬೆಳಿಗ್ಗೆ ಇನ್ನೊಮ್ಮೆ ತಾ, ಚೆಲ್ಲದೆ ತಂದರೆ ಕೆಲಸ ನಿನ್ನದು, ಇಲ್ಲದಿದ್ದರೆ ಬೇರೆಯವರಿಗೆ ಹೇಳುತ್ತೇನೆ ಎಂದಿದ್ದನಂತೆ. ಕಾಳಮ್ಮ ಯಾರದೋ ಮಾತು ಕೇಳಿ ಗಾಡಿಗೆ ದೊಡ್ಡ ಟೈರು ಹಾಕಿಸಲು ಹೊರಟಿದ್ದಳು. ಎಷ್ಟು ದೊಡ್ಡದು ಎಂದು ಕೇಳಲು ನಮ್ಮಲ್ಲಿಗೆ ಬಂದಿದ್ದಳು.

ವೇದವತಿಯ ಕಣ್ಣುಗಳು ಮಿಂಚಿದವು. "ಅಳೀದೆ ಟೈರು ತಗೋತಾರೇನೇ? ಗಾಡಿ ತಗೊಂಡು ಬಾ."

ಗಾಡಿ ಬಂತು. ನೇಮದ ಪ್ರಕಾರ ಪಾತ್ರೆ, ಒಲೆ, ಸಿಲಿಂಡರು, ನೀರಿನ ಕ್ಯಾನು, ಕೊನೆಗೆ ಸ್ಟೆಪ್ನಿ ಕೂಡ ಕೆಳಗಿಳಿಯಿತು. ಗಾಡಿಗೆ ಅಭ್ಯಂಜನವಾಯಿತು. ನೀರು ಹೊತ್ತವನು ನಾನು. ಆಮೇಲೆ ವೇದವತಿ ಸೆರಗು ಸಿಕ್ಕಿಸಿಕೊಂಡು ಚಕ್ರದ ಪಕ್ಕ ಕುಕ್ಕರುಗಾಲಿನಲ್ಲಿ ಕುಳಿತಳು. ನಾನು ಜಾಣತನ ತೋರಿಸಲು ಹೋಗಿ, ನೆಲದಿಂದ ಗಾಡಿಯ ತಳಕ್ಕೆ ಅಳೆದರಾಯಿತಲ್ಲ ಎಂದೆ.

"ಅಷ್ಟಕ್ಕೇ ಬಿಟ್ರೆ ಟೈರೆಷ್ಟು, ಕಮಾನೆಷ್ಟು ಅಂತ ಹೇಗ್ರೀ ಗೊತ್ತಾಗೋದು? ಗಾಳಿ ಕಮ್ಮಿಯಾದ್ರೂ ಲೆಕ್ಕ ಬದಲಾಗುತ್ತೆ. ಚಕ್ರದ ನಟ್ಟನಡುವಿನಿಂದ ಮೇಲೆ ಮಡ್‌ಗಾರ್ಡಿನ ಅಂಚಿಗೆ ಅಳೀಬೇಕು. ಆಗ ಕಮಾನು ಎಷ್ಟು ಎತ್ತಿ ಹಿಡಿದಿದೆ ಅಂತ ಸರಿಯಾಗಿ ಗೊತ್ತಾಗುತ್ತೆ."

ಕಮಾನು ಎಂದರೆ ಹಿಂದಿನ ಚಕ್ರದ ಮೇಲೆ ಒಂದರ ಮೇಲೊಂದು ಪೇರಿಸಿದ ಬಾಗಿದ ಉಕ್ಕಿನ ಪಟ್ಟಿಗಳು. ಹಳೆಯ ಗಾಡಿಯಲ್ಲಿ ಅವು ದಣಿದು ಚಪ್ಪಟೆಯಾಗಿರುತ್ತವೆ. ಅಳತೆ ನಲವತ್ತೇಳು ಸೆಂಟಿಮೀಟರು ಬಂತು. ಟೈರಿನ ವಿಷಯಕ್ಕೆ ಅವಳು ಕಾಳಮ್ಮನಿಗೆ ಒಂದು ಪಾಠವನ್ನೇ ಮಾಡಿದಳು. ಟೈರಿನ ಅಡ್ಡಳತೆ ಮೂರು ಸೆಂಟಿಮೀಟರು ಹೆಚ್ಚಿದರೆ ಗಾಡಿ ಏಳುವುದು ಒಂದೂವರೆ ಮಾತ್ರ, ಉಳಿದ ಒಂದೂವರೆ ಮೇಲಕ್ಕೆ ಹೋಗಿ ಮಡ್‌ಗಾರ್ಡಿನ ಕೆಳಗಿನ ಜಾಗವನ್ನು ನುಂಗುತ್ತದೆ. ಅದಕ್ಕಾಗಿ ಕಮಾನಿಗೆ ಒಂದು ಪಟ್ಟಿ ಸೇರಿಸಿ ಮೂರು ಸೆಂಟಿಮೀಟರು ಎತ್ತಬೇಕು, ಆಮೇಲೆ ಒಂದು ಅಳತೆ ದೊಡ್ಡ ಟೈರು ಹಾಕಬೇಕು. ಚೀಟಿ ಬರೆದು ಕೊಟ್ಟಳು.

ಇಷ್ಟು ಹಳೆಯ ಗಾಡಿಯ ಕಮಾನಿಗೆ ಹೊಂದುವ ಪಟ್ಟಿ ವಿಜಯವಾಡದ ಆಟೋನಗರದಲ್ಲಿ ಮಾತ್ರ ಸಿಗುತ್ತದೆ ಎಂದು ಇಲ್ಲಿನ ಮೆಕ್ಯಾನಿಕ್ ಹೇಳಿದ. ಆಟೋನಗರದ ಮಗ್ಗುಲಲ್ಲೇ ಪಟಮಟ, ಪಟಮಟದಲ್ಲಿ ನಮ್ಮ ಮಗಳು ಸಿಂಧೂರಳ ಮನೆ. ಹೆಂಡತಿಗೆ ನೆಪ ಸಿಕ್ಕಿತು. ಶುಕ್ರವಾರ ಮೂವರೂ ಅದೇ ಪಿಕಪ್ಪಿನಲ್ಲಿ ಹೊರಟೆವು. ಮುನ್ನೂರೈವತ್ತು ಕಿಲೋಮೀಟರು ಹೆಂಗಸರಿಬ್ಬರೂ ಬಾಯಿ ಮುಚ್ಚಲಿಲ್ಲ, ನಾನು ಕಿಟಕಿಯ ಪಕ್ಕ ಕುಳಿತು ಸುಖವಾಗಿ ನಿದ್ದೆ ಮಾಡಿದೆ.

ಶನಿವಾರ ಬೆಳಿಗ್ಗೆ ಆಟೋನಗರದ ಕಾಮೇಶ್ವರ ಎಂಬ ಕಮಾನು ಮೇಸ್ತ್ರಿ ಚೀಟಿಯಲ್ಲಿದ್ದಂತೆ ಪಟ್ಟಿ ಸೇರಿಸಿ ಟೈರು ಹಾಕಿಕೊಟ್ಟ. ಚೀಟಿ ನೋಡಿ, "ಇಂಥ ಅಳತೆ ಬರೆದು ತರೋರು ಯಾರೂ ಇಲ್ಲ ಮೇಡಂಗಾರು," ಎಂದು ತೆಲುಗಿನಲ್ಲಿ ಹೊಗಳಿದ. ವೇದವತಿ ಸೀರೆಯ ನೆರಿಗೆ ಸರಿಮಾಡಿಕೊಂಡಳು. ಹೊಗಳಿಕೆಗೆ ಅವಳು ಯಾವಾಗಲೂ ಹಾಗೆಯೇ ಉತ್ತರ ಕೊಡುವುದು.

ಹೊಸ ಟೈರಿಗೆ ಪೂಜೆಯಾಗದೆ ಹೋಗುವುದುಂಟೇ? ಸಿಂಧೂರಳ ಅಪಾರ್ಟ್‌ಮೆಂಟಿನ ಹೆಂಗಸರೆಲ್ಲ ಕೆಳಗಿಳಿದು ಬಂದರು. ಕಾಳಮ್ಮ ಅರಿಶಿನ ಕುಂಕುಮ ಹಚ್ಚಿ, ನಾಲ್ಕು ಚಕ್ರಕ್ಕೂ ನಿಂಬೆಹಣ್ಣಿಟ್ಟು, ತೆಂಗಿನಕಾಯಿ ಒಡೆದಳು. ಅದೇ ಖುಷಿಯಲ್ಲಿ ಉಷಶ್ರೀ ಎಂಬ ಶಾಲಾ ಟೀಚರು, ಒಂದು ರೌಂಡು ಹೋಗಿ ಬರೋಣ ಎಂದು ಹಿಂದೆ ಹತ್ತಿಯೇಬಿಟ್ಟಳು. ಸರಕಿನ ಗಾಡಿಯಲ್ಲಿ ಜನ ಕೂರಬಾರದು ಎಂದು ನಾನು ನೌಕಾಪಡೆಯ ಶಿಸ್ತಿನಲ್ಲಿ ಹೇಳಿದೆ. ನನ್ನ ಮಾತು ಮುಗಿಯುವಷ್ಟರಲ್ಲಿ ನನ್ನ ಮಗಳೂ ಸೇರಿ ಒಂಬತ್ತು ಜನ ಹತ್ತಿಯಾಗಿತ್ತು. ಹಾಡೂ ಶುರುವಾಗಿತ್ತು.

ಬೀದಿಯ ಮೊದಲ ಹಂಪಿನ ಮೇಲೆ ಗಾಡಿ ಏರಿ ಇಳಿಯಿತು. ಗರ್‍ರ್ ಎಂದು ಸದ್ದಾಯಿತು, ರಬ್ಬರು ಸುಟ್ಟ ವಾಸನೆ ಬಂತು. ಹಾಡು ನಿಂತಿತು. ವೇದವತಿ ಮುಂದಿನಿಂದ ಧುಮುಕಿ ಹಿಂದೋಡಿ ಬಗ್ಗಿ ನೋಡಿದಳು. ಹೊಸ ಟೈರಿನ ನೆತ್ತಿ ಮಡ್‌ಗಾರ್ಡಿಗೆ ಉಜ್ಜಿ ಕಪ್ಪು ಪುಡಿ ಉದುರಿತ್ತು.

ಕಾಳಮ್ಮನ ಮುಖ ನೋಡಲಾಗಲಿಲ್ಲ. ಸೋಮವಾರಕ್ಕೆ ಇನ್ನೆಷ್ಟು ಹೊತ್ತು? ಒಂಬತ್ತು ಹೆಂಗಸರು ಗುಬ್ಬಚ್ಚಿಗಳ ಹಾಗೆ ಇಳಿಯಲು ಹೊರಟರು.

"ಯಾರೂ ಇಳೀಬೇಡಿ!" ಎಂದು ವೇದವತಿ ಕೂಗಿದಳು. ಅಲ್ಲೇ ಟೇಪು ಹಿಡಿದು ಅಳೆದಳು. ಐವತ್ತಿರಬೇಕಾದ ಅಳತೆ ನಲವತ್ತೊಂದಕ್ಕೆ ಕುಸಿದಿತ್ತು. ಮೂವತ್ತೈದು ವರ್ಷದ ಸಂಸಾರದಲ್ಲಿ ನಾನು ಕೇಳದ ಮಾತನ್ನು ಪಟಮಟದ ನಡುಬೀದಿಯಲ್ಲಿ ಕೇಳಿದೆ.

"ತಪ್ಪಾಯ್ತು ಕಣೇ ಕಾಳಮ್ಮ. ಖಾಲಿ ಗಾಡೀನ ತೊಳೆದು ಅಳೆದುಬಿಟ್ಟೆ. ನಿನ್ನ ಗಾಡಿ ಖಾಲಿ ಯಾವತ್ತು ಓಡುತ್ತೆ?"

ಲೇತ್‌ನಿಂದ ಬಂದ ತುಂಡನ್ನು ಖಾಲಿ ಮೇಜಿನ ಮೇಲಿಟ್ಟು ಅಳೆಯಬಹುದು, ಅದು ಇಡ್ಲಿ ಹೊರುವುದಿಲ್ಲ. ಗಾಡಿ ಹೊರುತ್ತದೆ. ಇಷ್ಟು ಸಣ್ಣ ವಿಷಯ ಅವಳಿಗೆ ಹೊಳೆಯದೆ ಹೋದದ್ದಕ್ಕೆ ನನಗೆ ನಗು ಬಂತು. ಹೊಳೆದ ಕೂಡಲೇ ಎಲ್ಲರೆದುರು ಹೇಳಿದಳಲ್ಲ, ಅದಕ್ಕೆ ಎದೆ ತುಂಬಿಬಂತು. ಅದನ್ನು ಅವಳಿಗೆ ಆಗ ಹೇಳಲಿಲ್ಲ, ಇಲ್ಲಿ ಬರೆಯುತ್ತಿದ್ದೇನೆ.

ಗಾಡಿ ಆಮೆಯ ನಡಿಗೆಯಲ್ಲಿ ಆಟೋನಗರಕ್ಕೆ ವಾಪಸಾಯಿತು, ಒಂಬತ್ತು ಜನರ ಸಮೇತ. ಕಾಮೇಶ್ವರ ಊಟದ ಕೈ ತೊಳೆಯುತ್ತಿದ್ದವನು ಹಾಗೇ ನಿಂತ. ಸೋಮವಾರ ಹೇರುವ ಭಾರವೆಷ್ಟು ಎಂದು ವೇದವತಿ ಕೇಳಿದಳು. ಇಡ್ಲಿ, ಸಾಂಬಾರಿನ ಡ್ರಮ್ಮು, ನೀರು, ಒಲೆ, ಬಡಿಸುವವರು ಎಲ್ಲ ಸೇರಿ ಆರುನೂರು ಕಿಲೋ ಎಂದು ಕಾಳಮ್ಮ ಬೆರಳು ಮಡಚಿ ಹೇಳಿದಳು. ಈಗ ಗಾಡಿಯಲ್ಲಿರುವ ಭಾರವೆಷ್ಟು ಎಂದು ತಿಳಿಯಲು ವೇದವತಿ ಒಬ್ಬೊಬ್ಬರ ತೂಕ ಕೇಳಿ ಬರೆದುಕೊಂಡಳು. ಐವತ್ತು, ಐವತ್ತೆರಡು, ನಲವತ್ತೊಂಬತ್ತು. ಒಟ್ಟು ನಾನೂರ ಎಂಬತ್ತಾಯಿತು.

"ಕಮಾನು ಸುಳ್ಳು ಹೇಳಲ್ಲ. ಇದು ನಾನೂರ ಎಂಬತ್ತಕ್ಕೆ ಇಷ್ಟು ಬಗ್ಗೋ ಕಮಾನಲ್ಲ," ಎಂದು ವೇದವತಿ ಕನ್ನಡಕದ ಮೇಲಿನಿಂದ ಎಲ್ಲರನ್ನೂ ನೋಡಿದಳು.

ಪಕ್ಕದ ಗುಜರಿ ಅಂಗಡಿಯಲ್ಲಿ ಕಬ್ಬಿಣ ತೂಗುವ ದೊಡ್ಡ ತಕ್ಕಡಿಯಿತ್ತು. ಹತ್ತಲು ಯಾರೂ ಒಪ್ಪಲಿಲ್ಲ. ಗಂಡಸರೆಲ್ಲ ಗೋಡೆಯ ಕಡೆ ತಿರುಗಬೇಕೆಂದು ಅಪ್ಪಣೆಯಾಯಿತು. ಕಾಮೇಶ್ವರ, ಗುಜರಿ ಅಂಗಡಿಯವನು, ನಾನು ಮೂವರೂ ತಪ್ಪಿತಸ್ಥರ ಹಾಗೆ ಗೋಡೆ ನೋಡುತ್ತ ನಿಂತೆವು. ಆದರೂ ಯಾರೂ ಹತ್ತಲಿಲ್ಲ. ಕೊನೆಗೆ ವೇದವತಿ ತಾನೇ ಹತ್ತಿ, ಬೀದಿಗೆಲ್ಲ ಕೇಳುವಂತೆ, "ಎಪ್ಪತ್ತೆಂಟು!" ಎಂದು ಕೂಗಿದಳು. ನನಗೆ ಹತ್ತು ವರ್ಷದಿಂದ ಅರವತ್ತೆರಡು ಎಂದೇ ಹೇಳುತ್ತಿದ್ದಳು. ಗೋಡೆಯ ಕಡೆ ಮುಖ ಮಾಡಿದ್ದೇ ಒಳ್ಳೆಯದಾಯಿತು, ನನ್ನ ನಗು ಯಾರಿಗೂ ಕಾಣಲಿಲ್ಲ.

ಅಲ್ಲಿಂದ ನಾಚಿಕೆ ಬಿಟ್ಟುಹೋಯಿತು. ಒಬ್ಬೊಬ್ಬರೂ ಹತ್ತಿ ತಮ್ಮ ತೂಕ ತಾವೇ ಕೂಗಿದರು, ಪ್ರತಿ ಕೂಗಿಗೂ ಚಪ್ಪಾಳೆ ಬಿತ್ತು. ಒಂಬತ್ತು ಜನ ಸೇರಿ ಆರುನೂರ ಹನ್ನೆರಡು ಕಿಲೋ.

"ಬೇಕಾಗಿದ್ದಷ್ಟೇ ಇದೀರ ಕಣ್ರಮ್ಮಾ," ಎಂದಳು ವೇದವತಿ. ಅವರ ತೂಕವನ್ನು ಅಷ್ಟು ಸಂತೋಷದಿಂದ ಹೊಗಳಿದವರು ಅದುವರೆಗೆ ಯಾರೂ ಇರಲಿಕ್ಕಿಲ್ಲ.

ಆಮೇಲೆ ಕೆಲಸ ಸಲೀಸಾಯಿತು. ಕಾಳಮ್ಮನಿಗೆ ಬೇಕಾಗಿದ್ದದ್ದು ದೊಡ್ಡ ಟೈರಲ್ಲ, ಗಟ್ಟಿ ಕಮಾನು. ಕಾಮೇಶ್ವರ ಇನ್ನೆರಡು ದಪ್ಪ ಪಟ್ಟಿ ಸೇರಿಸಿದ, ದೊಡ್ಡ ಟೈರು ಬಿಚ್ಚಿ ಮೊದಲಿನ ಅಳತೆಯದೇ ಹೊಸ ಟೈರು ಹಾಕಿದ. ಹೆಂಗಸರು ಮತ್ತೆ ಹತ್ತಿದರು. ಈ ಸಲ ಅಳತೆ ನಲವತ್ತೇಳಕ್ಕೆ ನಿಂತಿತು. ಅಷ್ಟೇ ಭಾರ ಹೊತ್ತೂ ಹಿಂದಿನ ಸಲಕ್ಕಿಂತ ಆರು ಸೆಂಟಿಮೀಟರು ಮೇಲಿತ್ತು. ಎಲ್ಲರೂ ಒಟ್ಟಿಗೆ ಎಗರಿ ಎಂದು ವೇದವತಿ ಹೇಳಿದಳು, ಒಂಬತ್ತು ಜನ ಒಟ್ಟಿಗೆ ಎಗರಿದರು. ಟೈರು ಎಲ್ಲೂ ತಾಗಲಿಲ್ಲ. ಸಾಕು ಎಂದರೂ ಅವರು ನಿಲ್ಲಿಸಲಿಲ್ಲ. ಆಟೋನಗರದ ಅರ್ಧ ಜನ ಕೆಲಸ ಬಿಟ್ಟು ನೋಡುತ್ತಿದ್ದರು.

ಸೋಮವಾರ ಬೆಳಿಗ್ಗೆ ಐದೂವರೆಗೆ ಪರವಾಡದ ಆ ಗೇಟಿನ ಮುಂದೆ ನಾವಿದ್ದೆವು. ಕಂಪನಿ ಬಸ್ಸುಗಳು ಒಂದೊಂದಾಗಿ ಬರುತ್ತಿದ್ದವು. ಕಾಳಮ್ಮ ಸ್ಟೀರಿಂಗ್ ಹಿಡಿದಿದ್ದಳು, ಅವಳ ತುಟಿ ದೇವರ ಹೆಸರು ಹೇಳುತ್ತಿತ್ತು. ವೇದವತಿ ಉಬ್ಬಿನ ಪಕ್ಕದಲ್ಲಿ ನೆಲಕ್ಕೆ ಕೆನ್ನೆ ತಾಗುವಷ್ಟು ಬಗ್ಗಿದ್ದಳು. ಮುಂದಿನ ಚಕ್ರ ಏರಿತು, ಇಳಿಯಿತು. ಗಾಡಿಯ ಹೊಟ್ಟೆ ಉಬ್ಬಿನ ಮೇಲೆ ನಾಲ್ಕು ಬೆರಳು ಅಂತರದಲ್ಲಿ ಹಾದುಹೋಯಿತು. ಹಿಂದಿನ ಚಕ್ರ ಏರಿತು, ಇಳಿಯಿತು. ಧಡ್ ಎನ್ನಲಿಲ್ಲ, ಗರ್‍ರ್ ಎನ್ನಲೂ ಇಲ್ಲ. ಅನಿಲ್‌ಕುಮಾರ್ ಡ್ರಮ್ಮಿನ ಮುಚ್ಚಳ ತೆಗೆದು ನೋಡಿದ. ಸಾಂಬಾರು ತುಂಬಿದಷ್ಟೂ ಇತ್ತು. ನಾಳೆಯಿಂದ ದಿನಾ ತಾ ಎಂದು ತೆಲುಗಿನಲ್ಲಿ ಹೇಳಿ, ಎರಡು ಇಡ್ಲಿ ಹಾಕಿಸಿಕೊಂಡ.

ಕಾಳಮ್ಮ ಓಡಿಬಂದು ವೇದವತಿಯನ್ನು ತಬ್ಬಿಕೊಂಡಳು. ನಗುತ್ತಿದ್ದಳೋ ಅಳುತ್ತಿದ್ದಳೋ ಅವಳಿಗೇ ಗೊತ್ತಿರಲಿಲ್ಲ. ಆ ಸಡಗರದಲ್ಲಿ ಅವಳ ಬಾಯಿಂದ ಒಂದು ಮಾತು ಜಾರಿತು.

"ಖಾಲಿ ಗಾಡಿ ಅಳ್ದಾಗ್ಲೇ ಇದು ಸರಿ ಬರಂಗಿಲ್ಲ ಅಂತ ನಂಗ ಅನಿಸ್ತು, ಅಮ್ಮಾರೆ. ತುಂಬಿದ್ ಮ್ಯಾಲೆ ಎಷ್ಟು ಕುಂತಕಂತದ ಅಂತ ದಿನಾ ನೋಡಾಕಿ ನಾನು."

ವೇದವತಿ ಅವಳನ್ನು ದೂರ ಹಿಡಿದು ನೋಡಿದಳು. "ಮತ್ತೆ ಯಾಕೆ ಹೇಳ್ಲಿಲ್ಲ?"

"ನೀವು ಅಷ್ಟು ದೊಡ್ಡೋರು. ಅಳೀವಾಗ ನಡುವೆ ಹೆಂಗ ಬಾಯಿ ಹಾಕ್ಲಿ?"

ಈಗ ಸಿಡಿಲು ಬಡಿಯುತ್ತದೆ ಎಂದು ನಾನು ಕಾದೆ. ಬಡಿಯಲಿಲ್ಲ. ಮೂವತ್ತೊಂದು ವರ್ಷ ಅವಳ ಮೇಜಿನ ಮುಂದೆ ತುಂಡು ಹಿಡಿದು ಸುಮ್ಮನೆ ನಿಂತವರೆಲ್ಲ ಅವಳ ಕಣ್ಣಿಗೆ ಬಂದಿರಬೇಕು. ವೇದವತಿ ಮೆತ್ತಗೆ ಹೇಳಿದಳು. "ಇನ್ಮೇಲೆ ನಂಗೇನಾದ್ರೂ ಹೇಳೋದಿದ್ರೆ ಹೇಳ್ಬಿಡ್ಬೇಕು. ಮುಚ್ಚಿಟ್ರೆ ನೋಡು, ನಿನ್ನ ಗಾಡಿ ನಾನು ಮುಟ್ಟಲ್ಲ."

"ಹೇಳ್ಬಿಡ್ಲೇನ್ರಿ?"

"ಹೇಳು."

"ನಿಮ್ಮ ಮನೀ ಸಾರಿಗೆ ಉಪ್ಪು ಭಾಳ ಜಾಸ್ತಿ, ಅಮ್ಮಾರೆ."

ವೇದವತಿ ನನ್ನ ಕಡೆ ತಿರುಗಿದಳು. "ನಿಜವೇನ್ರೀ?"

ಮೂವತ್ತೈದು ವರ್ಷ ಮೂರು ಹೊತ್ತೂ ಊಟದ ಜೊತೆ ನುಂಗಿದ ಮಾತದು. ಪರವಾಡದ ಗೇಟಿನಲ್ಲಿ, ಇನ್ನೂರು ಜನ ಇಡ್ಲಿಗೆ ಸಾಲು ನಿಂತಿದ್ದ ಹೊತ್ತಿನಲ್ಲಿ, ಕಾಳಮ್ಮನ ಬೆನ್ನ ಹಿಂದೆ ಅರ್ಧ ಮರೆಯಾಗಿ ನಿಂತು ನಾನು ನಿಜ ಎಂದೆ. ವೇದವತಿ ಹೊಟ್ಟೆ ಹಿಡಿದುಕೊಂಡು ನಕ್ಕಳು.