ಕೊನೆಯ ಬಂಡಿ

ನಮ್ಮೂರಿನ ಸಿರಿವಂತ ಯಜಮಾನ ಡಾನ್ ಎಲ್ಪಿದಿಯೊ ಅವರ ಮನೆತನಕ್ಕೆ ಸೇರಿದ್ದು ವಿನಯದ ಕ್ರಿಸ್ತ: ಶಿಲುಬೆಗಾಗಿ ಕಾಯುತ್ತ, ಕೆನ್ನೆಗೆ ಕೈಕೊಟ್ಟು ಬಂಡೆಯ ಮೇಲೆ ಕುಳಿತ ಮರದ ಮೂರ್ತಿ. ಶುಭ ಶುಕ್ರವಾರದ ಮೆರವಣಿಗೆಗೆ ಅದನ್ನು ಬಂಡಿಗೇರಿಸುವಾಗ, ತಮ್ಮಷ್ಟು ವಿನಯವಂತರು ಮನಿಲಾದಲ್ಲೂ ಸಿಗಲಾರರೆಂದು ಅವರು ಎಲ್ಲರಿಗೂ ಕೇಳುವಂತೆ ಹೇಳುತ್ತಾರೆ. ಬಂಡಿಯ ತುಂಬ ಆರ್ಕಿಡ್, ಹಿಂದೊಂದು ಜನರೇಟರ್, ಸುತ್ತಲೂ ಕಣ್ಣು ಕುಕ್ಕುವ ದೀಪಗಳು. "ನಾವು ದೀನರು ಫಾದರ್, ಕೊನೇಲಿ ಬರ್ತೀವಿ ಬಿಡಿ," ಎಂದು ಪ್ರತಿ ವರ್ಷವೂ ಜಗಳಕ್ಕೆ ನಿಲ್ಲುತ್ತಾರೆ. ಕೊನೆಯ ಬಂಡಿಗೇ ಹೆಚ್ಚಿನ ಗೌರವ, ಅದು ಕ್ರಿಸ್ತನ ತಾಯಿ ಶೋಕಮಾತೆಗೆ ಮೀಸಲು ಎಂಬುದು ಊರಿನ ಕೋಳಿಗಳಿಗೂ ಗೊತ್ತು. "ಹೆತ್ತವ್ವನ್ನೇ ಮುಂದಕ್ಕೆ ತಳ್ಳೋ ದೀನತೆ ಯಾವ್ದಪ್ಪಾ ಇದು!" ಎಂದು ಮೀನು ಮಾರುವ ಆಲಿಂಗ್ ಪುರಿಂಗ್ ನಗುತ್ತಾಳೆ. ಈ ವರ್ಷ ಫಾದರ್ ಸಾಕಾಗಿ ಒಪ್ಪಿಬಿಟ್ಟರು. ಡಾನ್ ಎದೆಯುಬ್ಬಿಸಿ ಕೊನೆಯಲ್ಲಿ ಹೊರಟರು. ಮೀನುಪೇಟೆಯ ತಿರುವಿನಲ್ಲಿ ಜನರೇಟರ್ ಕೆಮ್ಮಿ ನಿಂತಿತು. ಕತ್ತಲಾಗಿತ್ತು. ಮುಂದಿನ ಬಂಡಿಗಳು ಹಾಡುತ್ತ ಸಾಗಿಬಿಟ್ಟವು. ಕೊನೆಯವರು ಹಿಂದುಳಿದದ್ದು ಯಾರಿಗೂ ತಿಳಿಯಲಿಲ್ಲ. ರಸ್ತೆಬದಿಯಲ್ಲಿದ್ದ ಪುರಿಂಗ್ ತನ್ನ ಮೇಣದಬತ್ತಿಯನ್ನು ಮೂರ್ತಿಯತ್ತ ಎತ್ತಿ ಹಿಡಿದಳು. "ಅಯ್ಯೋ ಡಾನ್, ಎಷ್ಟು ದಣಿದಿದ್ದಾನೆ ನೋಡಿ ಇವನು! ನಿಮ್ಮ ದೀಪದ ಝಗಮಗದಲ್ಲಿ ಇಷ್ಟು ವರ್ಷ ಮುಖವೇ ಕಾಣ್ಲಿಲ್ವಲ್ಲ." ಡಾನ್ ನೋಡಿದರು, ತಮ್ಮದೇ ಮೂರ್ತಿಯನ್ನು ಮೊದಲ ಸಲ ನೋಡುವವರಂತೆ. ಜನರೇಟರ್ ರಿಪೇರಿಗೆ ಬಗ್ಗಿದ್ದ ಆಳಿಗೆ ಬೇಡವೆಂದರು. ಚಪ್ಪಲಿ ಬಿಟ್ಟು, ಎಳೆಯುವವರ ನಡುವೆ ನುಗ್ಗಿ ತಾವೂ ಹಗ್ಗ ಹಿಡಿದರು. "ಮೆಲ್ಲಗೆ ಎಳೀರಪ್ಪಾ," ಎಂದರು, ಪಕ್ಕದವನಿಗೆ ಮಾತ್ರ ಕೇಳುವಷ್ಟು ಸಣ್ಣ ದನಿಯಲ್ಲಿ.