ಓಡಬೇಡ

ನರ್ಸಮ್ಮ ಇಪ್ಪತ್ತೆರಡು ವರ್ಷದ ಕೆಲಸದಲ್ಲಿ ಒಂದು ದಿನವೂ ಓಡಿದವಳಲ್ಲ. ಹಾಗಂತ ನಿಧಾನದ ಹೆಂಗಸು ಅಂದುಕೊಂಡೀರಿ ಮತ್ತೆ! ಆಸ್ಪತ್ರೆಯ ಉದ್ದನೆಯ ಕಾರಿಡಾರಿನ ಈ ತುದಿಯಲ್ಲಿ ಕಂಡವಳು, ನೀವು ಕಣ್ಣುಜ್ಜಿಕೊಳ್ಳುವಷ್ಟರಲ್ಲಿ ಆ ತುದಿಯ ವಾರ್ಡಿನಲ್ಲಿ ಯಾರಿಗೋ ಇಂಜೆಕ್ಷನ್ ಚುಚ್ಚುತ್ತಿರುತ್ತಿದ್ದಳು. ಆಸ್ಪತ್ರೆಯಲ್ಲಿ ಎಲ್ಲರೂ ಅವಳನ್ನು ಬೆನ್ನ ಹಿಂದೆ ಕರೆಯುತ್ತಿದ್ದದ್ದು 'ಎಕ್ಸ್‌ಪ್ರೆಸ್' ಅಂತ.

ಕೆಲಸಕ್ಕೆ ಸೇರಿದ ಮೊದಲ ದಿನವೇ ಹೆಡ್ ನರ್ಸು ಎಚ್ಚರಿಸಿದ್ದರು. "ನೋಡಮ್ಮಾ, ಎಷ್ಟೇ ಅವಸರ ಇರಲಿ, ಇಲ್ಲಿ ಓಡಬಾರದು. ನೀನು ಓಡಿದ್ರೆ ಬೆಂಚಿನ ಮೇಲೆ ಕೂತಿರೋ ಮನೆಯೋರ ಎದೆ ಒಡೆದುಹೋಗುತ್ತೆ. ನಮ್ಮೋರಿಗೇ ಏನೋ ಆಯ್ತು ಅಂದ್ಕೋತಾರೆ." ಅಂದಿನಿಂದ ಅವಳು ಇದ್ದಬದ್ದ ಅವಸರವನ್ನೆಲ್ಲ ಸೊಂಟಕ್ಕೂ ಹಿಮ್ಮಡಿಗೂ ಇಳಿಸಿ, ಮುಖ ಮಾತ್ರ ತಣ್ಣಗಿಟ್ಟುಕೊಂಡು ನಡೆಯುವುದನ್ನು ಕಲಿತಳು. ಕೈಯಲ್ಲಿನ ಟ್ರೇಯ ಮೇಲಿದ್ದ ಲೋಟದ ನೀರು ತುಳುಕುತ್ತಿರಲಿಲ್ಲ.

ಶಾಲೆ ಬಿಟ್ಟಮೇಲೆ ಮಗಳು ಪುಟ್ಟಿ ಆಸ್ಪತ್ರೆಗೆ ಬರುತ್ತಿದ್ದಳು. ಡ್ಯೂಟಿ ಮುಗಿಸಿ ತಾಯಿ ಬಸ್‌ಸ್ಟಾಪಿನತ್ತ ಹೆಜ್ಜೆ ಹಾಕಿದರೆ ಎಂಟು ವರ್ಷದ ಹುಡುಗಿ ಹಿಂದೆ ಹಿಂದೆ ಓಡಬೇಕು.

"ಅಮ್ಮಾ, ಸ್ವಲ್ಪ ನಿಲ್ಲೇ!"

"ಓಡಬೇಡ, ನಡಿ. ಮೊದಲು ಹಿಮ್ಮಡಿ ಊರು."

ಹೀಗೆ ಐದು ವರ್ಷ ನಡೆದೂ ನಡೆದೂ, ಹದಿಮೂರಕ್ಕೆ ಮಗಳು ತಾಯಿಯ ಸರಿಸಮಕ್ಕೆ ಬಂದಳು. ಒಂದು ಬೆಳಿಗ್ಗೆ, ಶಾಲೆಯ ಗೇಟಿನ ಹತ್ತಿರ ಓಡಿ ಬರುತ್ತಿದ್ದ ಹುಡುಗರನ್ನೆಲ್ಲ ಇವಳು ನಡೆದೇ ಹಿಂದೆ ಹಾಕಿದ್ದನ್ನು ಆಟದ ಮೇಷ್ಟ್ರು ನೋಡಿದರು. ನಡಿಗೆಗೂ ಸ್ಪರ್ಧೆ ಇದೆ ಅಂತ ಮನೆಗೆ ಗೊತ್ತಾದದ್ದು ಆವತ್ತೇ.

"ನಡೆಯೋದಕ್ಕೂ ಪದಕ ಕೊಡ್ತಾರಾ?" ಅಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. ಬಡಗಿ ಆತ, ಹೊಟ್ಟೆಯೂ ಸಣ್ಣದಲ್ಲ. "ಹಂಗಾದ್ರೆ ನಿಮ್ಮಮ್ಮನ ಪದಕ ಇಡೋಕೆ ನಾನೊಂದು ಬೀರು ಮಾಡಬೇಕಿತ್ತಲ್ಲೇ!"

ನಿಯಮ ಕೇಳಿದಮೇಲೆ ಮಾತ್ರ ಎಲ್ಲರೂ ಗಂಭೀರರಾದರು. ಎಷ್ಟೇ ಬಿರುಸಾಗಿ ಹೋಗಲಿ, ಒಂದು ಕಾಲು ಸದಾ ನೆಲದ ಮೇಲಿರಬೇಕು. ಎರಡೂ ಎದ್ದವೋ, ಅದು ಓಟ. ತೀರ್ಪುಗಾರರು ಹಾಗೆ ಮೂರು ಸಲ ಕೆಂಪು ಗುರುತು ಹಾಕಿದರೆ ಸ್ಪರ್ಧೆಯಿಂದ ಹೊರಗೆ.

ಮರುದಿನದಿಂದ ಬೀದಿಯಲ್ಲಿ ಅಭ್ಯಾಸ. ಸೊಂಟ ಆಡಿಸುತ್ತ ನಡೆಯುವ ಹುಡುಗಿಯನ್ನು ಜನ ಬಿಡುತ್ತಾರೆಯೇ? "ಬಾತುಕೋಳಿ ಬಂತು, ದಾರಿ ಬಿಡ್ರೋ!" ಎಂದು ಛೇಡಿಸಿದರು. ಪುಟ್ಟಿ ಮುಖ ಊದಿಸಿಕೊಂಡು ಬಂದು ಮಂಚದ ಮೇಲೆ ಬಿದ್ದಳು. ಮಾರನೆಯ ಬೆಳಿಗ್ಗೆ ಅಪ್ಪ ತಾನೂ ಅವಳ ಪಕ್ಕದಲ್ಲಿ ಹೊರಟ. ಹೊಟ್ಟೆ ಒಂದು ಕಡೆ, ಸೊಂಟ ಒಂದು ಕಡೆ. ಬೀದಿಗೆ ಬೀದಿಯೇ ಬಿದ್ದು ಬಿದ್ದು ನಕ್ಕಿತು.

"ನಗೋರು ನನ್ನ ನೋಡಿ ನಗ್ಲಿ. ನೀನು ನಡಿಯೇ," ಅಂದ.

ಗಡಿಯಾರ ರಿಪೇರಿ ಮಾಡುತ್ತಿದ್ದ ಪುಟ್ಟಿಯ ತಾತ ಬೀದಿಯ ಮೂಲೆಯಲ್ಲಿ ಸ್ಟೂಲು ಹಾಕಿಕೊಂಡು ಪ್ರತಿ ಸುತ್ತಿನ ಸೆಕೆಂಡು ಲೆಕ್ಕ ಹಿಡಿದ. ನಾಲ್ಕು ವಾರದಲ್ಲಿ ಬೀದಿಯವರಿಗೆ ನಗುವುದೇ ಬೇಜಾರಾಯಿತು. ಪುಟ್ಟಿ ನಡೆಯುತ್ತ ನಡೆಯುತ್ತ ಏನೋ ಗುನುಗತೊಡಗಿದ್ದಳು. ಅದು ಕೇಳಿಸಿದಾಗ ನರ್ಸಮ್ಮನಿಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಆದರೆ ಮೊದಲ ಸ್ಪರ್ಧೆಯಲ್ಲಿ ಎಲ್ಲ ಎಡವಟ್ಟಾಯಿತು. ಕೊನೆಯ ಸುತ್ತಿನಲ್ಲಿ ಜನ "ಓಡು, ಓಡು!" ಎಂದು ಕೂಗಿದರು, ಹುಡುಗಿ ತಲೆಕೆಟ್ಟು ನಿಜವಾಗಿಯೂ ಓಡಿಯೇಬಿಟ್ಟಳು. ಮೂರು ಗುರುತೂ ಬಿದ್ದು ಹೊರಗೆ ಹಾಕಿದರು. ಬೂಟು ಮಂಚದ ಕೆಳಗೆ ಹೋಯಿತು, ಗುನುಗು ನಿಂತುಹೋಯಿತು.

ಮೂರು ವಾರ ಕಾದು ನರ್ಸಮ್ಮ ಅಂದಳು: "ಒಂದೇ ಒಂದು ಸಲ ಪೂರ್ತಿ ಮುಗಿಸು. ಆಮೇಲೆ ಬಿಡ್ತೀಯಾ, ಬಿಡು. ನಾನು ತುಟಿ ಪಿಟಕ್ಕನ್ನಲ್ಲ."

"ಈ ಸಲವೂ ಹೊರಗೆ ಹಾಕಿದ್ರೆ ಮುಗೀತು. ಬೂಟು ಮುಟ್ಟಲ್ಲ."

ಸ್ಪರ್ಧೆಯ ದಿನ ನರ್ಸಮ್ಮ ಬೆಂಚಿನ ತುದಿಯಲ್ಲಿ ಜೀವ ಕೈಯಲ್ಲಿ ಹಿಡಿದು ಕೂತಳು. ಪದಕ ಯಾರಿಗೆ ಬೇಕಿತ್ತು? ಹುಡುಗಿ ಗೆರೆ ದಾಟಿದರೆ ಸಾಕಿತ್ತು. ಹನ್ನೆರಡೂವರೆ ಸುತ್ತು. ಎಂಟನೆಯದರಲ್ಲಿ ಬೋರ್ಡಿನ ಮೇಲೆ ಪುಟ್ಟಿಯ ನಂಬರಿನ ಮುಂದೆ ಒಂದು ಕೆಂಪು ಗುರುತು ಬಿತ್ತು. ಹನ್ನೊಂದರಲ್ಲಿ ಇನ್ನೊಂದು. ಕೊನೆಯ ಸುತ್ತು ಶುರುವಾದಾಗ ಅವಳು ಐದನೆಯವಳು. ಮುಂದಿನ ಹುಡುಗಿ ಹಾರಿದಂತೆ ಹೋಗುತ್ತಿದ್ದಳು, ಜನ ಮತ್ತೆ ಶುರುಮಾಡಿದರು: "ಓಡು! ಓಡು!"

ಮಗಳ ಹಿಮ್ಮಡಿ ಹಗುರವಾಗುತ್ತಿದ್ದುದು ಇಡೀ ಮೈದಾನದಲ್ಲಿ ತಾಯಿಯೊಬ್ಬಳಿಗೇ ಕಂಡಿತು. ಆಸ್ಪತ್ರೆಯಲ್ಲಿ ಎಂದೂ ದನಿ ಎತ್ತದವಳು ಬೆಂಚು ಹತ್ತಿ ನಿಂತು, ಗಂಟಲು ಹರಿಯುವಂತೆ ಕೂಗಿದಳು.

"ಪುಟ್ಟೀ, ಓಡಬೇಡಾ! ನೀರು ತುಳುಕುತ್ತೇ!"

ಅಪ್ಪ, ತಾತ ಇಬ್ಬರೂ ದನಿಗೂಡಿಸಿದರು. "ಓಡಬೇಡ! ಓಡಬೇಡ!"

ಪಕ್ಕದಲ್ಲಿದ್ದವನು ಬಾಯಿ ಬಿಟ್ಟುಕೊಂಡು ನೋಡಿದ. "ಏನ್ರೀ, ಅದು ನಿಮ್ಮ ಮಗಳಾ, ಶತ್ರುನಾ?"

ಪುಟ್ಟಿಗೆ ಕೇಳಿಸಿತು. ಭುಜ ಇಳಿಯಿತು, ಹಿಮ್ಮಡಿ ನೆಲಕ್ಕೆ ಊರಿತು. ಅದೇ ತಿರುವಿನಲ್ಲಿ ಮುಂದಿದ್ದ ಹುಡುಗಿಯನ್ನು ಹೊರಗೆ ಹಾಕಿದರು. ಪುಟ್ಟಿ ನಡೆದೇ ಬಂದಳು, ನಾಲ್ಕನೆಯವಳಾಗಿ ಗೆರೆ ದಾಟಿದಳು. ಬೋರ್ಡಿನಲ್ಲಿ ಎರಡೇ ಗುರುತು ಇದ್ದವು.

ದಾಟಿದವಳೇ ನೆಲದ ಮೇಲೆ ಕುಸಿದು ಕೂತಳು. ಎರಡೂ ಕೈ ಮುಖದ ಮೇಲಿದ್ದವು, ಮೈಯೆಲ್ಲ ಅದುರುತ್ತಿತ್ತು. ಹಗ್ಗದ ಕೆಳಗೆ ನುಸುಳಿ, ಚಪ್ಪಲಿ ಎಲ್ಲೋ ಬಿಟ್ಟು, ನರ್ಸಮ್ಮ ಓಡಿದಳು. ಇಪ್ಪತ್ತೆರಡು ವರ್ಷ ಓಡದವಳು!

ಪುಟ್ಟಿ ಕೈ ಸರಿಸಿ ನೋಡಿದಳು. ಅವಳು ಅಳುತ್ತಿರಲಿಲ್ಲ, ನಗುತ್ತಿದ್ದಳು.

"ಅಮ್ಮಾ, ಓಡಬೇಡ ಕಣೇ! ಜನ ಏನೋ ಆಯ್ತು ಅಂದ್ಕೋತಾರೆ!"

"ಅಂದ್ಕೊಳ್ಳಲಿ ಬಿಡೇ!" ಎನ್ನುತ್ತ ನರ್ಸಮ್ಮ ಓಡಿಕೊಂಡೇ ಬಂದು ಮಗಳನ್ನು ಬಾಚಿ ತಬ್ಬಿಕೊಂಡಳು. ತಾತ ಕೈಯಲ್ಲಿ ಗಡಿಯಾರ ಹಿಡಿದು ಏದುಸಿರು ಬಿಡುತ್ತ ಹತ್ತಿರ ಬಂದ. ಪುಟ್ಟಿ ಅಮ್ಮನ ಹೆಗಲ ಮೇಲಿನಿಂದಲೇ ಕತ್ತು ಚಾಚಿ ಕೇಳಿದಳು:

"ತಾತ, ಮುಂದಿನ ಸ್ಪರ್ಧೆ ಯಾವತ್ತಂತೆ?"